ತೆಹೆದಾದಲ್ಲಿ ಸಸ್ಯಾಹಾರಿಯ ಮಧ್ಯಾಹ್ನದೂಟ: ನಾನು ಕೇಳುವುದೇನು, ತರಿಸುವುದೇನು

ತೆಹೆದಾ ಎಂದರೆ ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪದ ನಡುಮಧ್ಯೆ, ಸುಮಾರು 1,050 ಮೀಟರ್ ಎತ್ತರದಲ್ಲಿರುವ ಬಿಳಿ ಮನೆಗಳ ಊರು. ಎದುರಿಗೆ ಬೆಂಟೈಗಾ ಬಂಡೆ, ಸುತ್ತ ಬಾದಾಮಿ ಮರಗಳು. ಹೋಟೆಲುಗಳನ್ನು ಬೆರಳಲ್ಲೇ ಎಣಿಸಬಹುದು. ಮಾಂಸ ತಿನ್ನದವರಿಗೂ ಇಲ್ಲಿ ಹೊಟ್ಟೆ ತುಂಬುತ್ತದೆ, ಆದರೆ ಮೆನು ಓದಿದರಷ್ಟೇ ಸಾಲದು, ಬಾಯಿಬಿಟ್ಟು ಕೇಳಬೇಕು.

ಮೊದಲು ಹೊತ್ತಿನ ವಿಷಯ. ಮಧ್ಯಾಹ್ನದ ಅಡುಗೆ ಒಂದು ಗಂಟೆಗೆ ಶುರುವಾಗಿ ನಾಲ್ಕಕ್ಕೆ ಮುಗಿಯುತ್ತದೆ. ನಾಲ್ಕೂವರೆಗೆ ಹೋದರೆ ಬಾಗಿಲು ತೆರೆದಿದ್ದರೂ ಒಲೆ ಆರಿರುತ್ತದೆ, ಕಾಫಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಹಗಲು ಬಂದವರು ಇಳಿದು ಹೋದಮೇಲೆ ಹಲವು ಕಡೆ ರಾತ್ರಿ ಅಡುಗೆಯೇ ಇರುವುದಿಲ್ಲ, ಹಾಗಾಗಿ ಮಧ್ಯಾಹ್ನದ್ದೇ ದೊಡ್ಡ ಊಟ ಅಂದುಕೊಂಡು ಹೊರಡುತ್ತೇನೆ. ಭಾನುವಾರ ದ್ವೀಪದ ರಾಜಧಾನಿ ಲಾಸ್ ಪಾಲ್ಮಾಸ್‌ನಿಂದ ಕುಟುಂಬಗಳು ಬರುತ್ತವೆ. ಅವರು ಬರುವುದು ಎರಡರ ಹೊತ್ತಿಗೆ, ಎದ್ದೇಳುವುದು ಯಾವಾಗಲೋ. ಆದ್ದರಿಂದ ಒಂದಕ್ಕೇ ಕೂರುತ್ತೇನೆ, ಇಲ್ಲವೇ ಹಿಂದಿನ ದಿನ ಫೋನ್ ಮಾಡಿ ಮೇಜು ಹಿಡಿದಿಡುತ್ತೇನೆ.

ಇನ್ನು ಮಾತು. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ ಅಂತ. ಅಷ್ಟಕ್ಕೇ ನಿಲ್ಲಿಸಿದರೆ ಕೆಟ್ಟಿರಿ. ಅಲ್ಲಿನ ಆಡುಮಾತಿನಲ್ಲಿ ಹ್ಯಾಮು, ಮೀನು ಎಷ್ಟೋ ಸಲ 'ಕಾರ್ನೆ' ಲೆಕ್ಕಕ್ಕೆ ಬರುವುದಿಲ್ಲ. ನಾನು ಹೇಳುವುದು ಹೀಗೆ: 'ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ'. ಸಲಾಡಿಗೆ 'ಸಿನ್ ಅತೂನ್' ಕೂಡ ಸೇರಿಸಿ. 'ಎನ್ಸಲಾದಾ ಮಿಕ್ಸ್ತಾ' ಅಂದರೆ ಬರೀ ಸೊಪ್ಪು ತರಕಾರಿಯಲ್ಲ, ಮೇಲೆ ಟ್ಯೂನಾ ಮೀನು ಉದುರಿಸಿಕೊಂಡೇ ಬರುತ್ತದೆ. ತೋರ್ತಿಯಾ ಅಂದರೆ ರೊಟ್ಟಿಯಲ್ಲ, ಆಲೂಗಡ್ಡೆ ಹಾಕಿದ ದಪ್ಪ ಆಮ್ಲೆಟ್.

ಹೆಚ್ಚು ಮೋಸ ಹೋಗುವುದು ಸಾರಿನಲ್ಲಿ. 'ಪೊತಾಹೆ ದೆ ಬೆರ್ರೋಸ್' ನೋಡಿದರೆ ನಮ್ಮ ಮಸ್ಸೊಪ್ಪಿನ ನೆಂಟನಂತಿರುತ್ತದೆ. ನೀರಲ್ಲಿ ಬೆಳೆಯುವ ಖಾರದ ಸೊಪ್ಪು, ಕಾಳು, ಆಲೂಗಡ್ಡೆ, ಮೆಕ್ಕೆಜೋಳದ ತೆನೆಯ ತುಂಡು, ಎಲ್ಲ ಸರಿ. ಆದರೆ ವಾಡಿಕೆಯಂತೆ ಅದು ಬೇಯುವುದು ಹಂದಿ ಪಕ್ಕೆಲುಬಿನ ಜೊತೆ. 'ಮಾಂಸ ಬೇಡ' ಅಂದರೆ ತುಂಡು ಎತ್ತಿಟ್ಟು ಸಾರು ಬಡಿಸುತ್ತಾರೆ, ಅವರ ಮಟ್ಟಿಗೆ ಅದು ಮೋಸವೂ ಅಲ್ಲ. ಹಾಗಾಗಿ ಕೇಳಬೇಕಾದ್ದು ಸಾರಿನ ಬಗ್ಗೆಯೇ: 'ಎಲ್ ಕಾಲ್ದೊ ಯೇವಾ ಕಾರ್ನೆ?', ಅಂದರೆ ಸಾರಿಗೆ ಮಾಂಸ ಹಾಕಿದ್ದೀರಾ ಅಂತ. ಗೋಫಿಯೊ ಎಸ್ಕಾಲ್ದಾದೊಗೂ ಇದೇ ಪ್ರಶ್ನೆ, ಜೊತೆಗೆ 'ಪೆಸ್ಕಾದೊ' ಅಂದರೆ ಮೀನಿನ ಬಗ್ಗೆಯೂ ಕೇಳಬೇಕು. ಗೋಫಿಯೊ ಅಂದರೆ ಗೋಧಿ ಅಥವಾ ಮೆಕ್ಕೆಜೋಳ ಹುರಿದು ಬೀಸಿದ್ದು, ಥೇಟ್ ನಮ್ಮ ಹುರಿಹಿಟ್ಟು. ಅದಕ್ಕೆ ಕುದಿಯುವ ಸಾರು ಹಾಕಿ ಗಂಟಿಲ್ಲದಂತೆ ತಿರುವುತ್ತಾರೆ. ಹಸಿ ಈರುಳ್ಳಿಯ ಎಸಳು ಬಿಡಿಸಿ, ಅದನ್ನೇ ಚಮಚ ಮಾಡಿಕೊಂಡು ಎತ್ತಿ ತಿನ್ನಬೇಕು. ಸಾರು ಸಾಮಾನ್ಯವಾಗಿ ಮೀನಿನದ್ದೋ ಮಾಂಸದ್ದೋ ಆಗಿರುವುದರಿಂದ ನಾನು ಇದನ್ನು ಬಿಟ್ಟು ಗೋಫಿಯೊ ಸಿಹಿ ಇದ್ದರೆ ತರಿಸುತ್ತೇನೆ.

ಇಬ್ಬರಿಗೆ ನನ್ನ ಲೆಕ್ಕ: ಪಾಪಾಸ್ ಅರ್ರುಗಾದಾಸ್, ಅಂದರೆ ಉಪ್ಪುನೀರಲ್ಲಿ ಬೇಯಿಸಿದ ಸುಕ್ಕು ಆಲೂಗಡ್ಡೆ, ಒಂದು ರಾಸಿಯೋನ್, ಅಂದರೆ ಪೂರ್ತಿ ತಟ್ಟೆ. ಸುಟ್ಟ ಚೀಸ್, ಅಂದರೆ ಕೇಸೊ ಅಸಾದೊ, ಅರ್ಧ ತಟ್ಟೆ. ಕರಿದ ಹಸಿಮೆಣಸಿನಕಾಯಿ ಪಿಮಿಯೆಂತೋಸ್ ದೆ ಪಾದ್ರೋನ್ ಒಂದು, ಸಲಾಡ್ ಒಂದು. ಎಲ್ಲವನ್ನೂ ಪೂರ್ತಿ ತಟ್ಟೆ ಹೇಳಿದರೆ ಅರ್ಧ ಉಳಿಯುತ್ತದೆ. 'ಮೆದಿಯಾ', ಅಂದರೆ ಅರ್ಧ, ಎಂಬ ಒಂದೇ ಪದ ಕಲಿತರೆ ಕೆಲಸ ಆಯಿತು. ಮೆಣಸಿನಕಾಯಿ ಕರಿಯುವ ಎಣ್ಣೆಯಲ್ಲೇ ಮೀನೂ ಕರಿಯುವುದುಂಟು, ಮಡಿಯವರು ಅದನ್ನು ಬಿಡಬಹುದು.

ಪಾಪಾಸ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಸಣ್ಣ ಆಲೂಗಡ್ಡೆಯನ್ನು ಸಿಪ್ಪೆ ಸಮೇತ, ಕೆಜಿಗೆ ಸುಮಾರು ಕಾಲು ಕೆಜಿ ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಅದೇ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಅಲ್ಲಾಡಿಸುತ್ತಾರೆ. ಸಿಪ್ಪೆ ಸುಕ್ಕುಗಟ್ಟಿ ಬಿಳಿ ಉಪ್ಪಿನ ಪುಡಿ ಹಿಡಿಯುತ್ತದೆ. ಸುಲಿಯಬಾರದು, ಸಿಪ್ಪೆ ಸಮೇತ ಸೀಳಿ ಮೋಹೊಗೆ ಅದ್ದಬೇಕು. ಮೋಹೊ ಅವರ ಚಟ್ನಿ: ಹಸಿರಿಗೆ ಕೊತ್ತಂಬರಿ ಸೊಪ್ಪು, ಕೆಂಪಿಗೆ ಮೆಣಸಿನಕಾಯಿ, ಎರಡಕ್ಕೂ ಬೆಳ್ಳುಳ್ಳಿ, ಜೀರಿಗೆ, ಎಣ್ಣೆ, ವಿನೆಗರ್. ನಮ್ಮ ನಾಲಗೆಗೆ ಕೆಂಪು ಕೂಡ ಸಪ್ಪೆ. ಖಾರ ಬೇಕಾದರೆ 'ಮೋಹೊ ಪಿಕೋನ್' ಅನ್ನಿ.

ಚೀಸ್ ಹೆಪ್ಪಿನ ಬಗ್ಗೆ ಕಟ್ಟುನಿಟ್ಟಾಗಿರುವವರು 'ಕೇಸೊ ದೆ ಫ್ಲೋರ್' ಇದೆಯೇ ಅಂತ ಕೇಳಿ. ದ್ವೀಪದ ಉತ್ತರದ ಗೀಯಾ ಸೀಮೆಯ ಈ ಚೀಸಿಗೆ ಹೆಪ್ಪು ಹಾಕುವುದು ಒಂದು ಮುಳ್ಳುಗಿಡದ ಹೂವಿನಿಂದ, ಕರುವಿನ ಹೊಟ್ಟೆಯ ರೆನೆಟ್‌ನಿಂದಲ್ಲ. 'ಮೆದಿಯಾ ಫ್ಲೋರ್' ಆದರೆ ಎರಡೂ ಬೆರೆತಿರುತ್ತವೆ.

ಸಿಹಿಗೆ ಬಿಯೆನ್‌ಮೆಸಾಬೆ: ಬಾದಾಮಿ, ಸಕ್ಕರೆ, ನಿಂಬೆ ಸಿಪ್ಪೆ, ದಾಲ್ಚಿನ್ನಿ. ಜೊತೆಗೆ ಮೊಟ್ಟೆಯ ಹಳದಿಯೂ ಇರುತ್ತದೆ, ಮೊಟ್ಟೆ ಬಿಟ್ಟವರು ನೆನಪಿಟ್ಟುಕೊಳ್ಳಿ.

ಕೇಳದೆ ಇಟ್ಟ ಬ್ರೆಡ್ಡಿಗೂ ಸಾಮಾನ್ಯವಾಗಿ ದುಡ್ಡು ಹಾಕುತ್ತಾರೆ, ಬೇಡವಾದರೆ ಇಡುವಾಗಲೇ ಹೇಳಿಬಿಡುತ್ತೇನೆ. ಬಿಲ್ಲನ್ನು ತಾವಾಗಿ ತಂದಿಡುವುದು ಅಲ್ಲಿ ಮರ್ಯಾದೆಯಲ್ಲ, ಎಬ್ಬಿಸಿ ಕಳಿಸಿದಂತೆ. ಸಾನ್ ಮಾತೆಯೊಗೆ ಇಳಿಯುವ 305ನೇ ನಂಬರಿನ ಬಸ್ಸು ದಿನಕ್ಕೆ ಕೆಲವೇ ಸಲ ಓಡುತ್ತದೆ. ಹತ್ತುವ ಮೊದಲೇ ವಾಪಸು ಬಸ್ಸಿನ ಸಮಯ ಬರೆದುಕೊಂಡು, ಕಾಫಿ ಹೇಳುವಾಗಲೇ ಜೊತೆಗೆ 'ಲಾ ಕ್ವೆಂತಾ, ಪೋರ್ ಫಾವೋರ್', ದಯವಿಟ್ಟು ಬಿಲ್ಲು ಕೊಡಿ, ಅಂದುಬಿಡುತ್ತೇನೆ.