ಅಳಗುಳಿಮಣೆಯನ್ನು ಕಂಪ್ಯೂಟರ್ ಆಟವಾಗಿಸಲು ನಾನು ಆರಿಸಿಕೊಂಡ ಸಲಕರಣೆಗಳು

ಹವ್ಯಾಸಕ್ಕಾಗಿ ಆಟ ರೂಪಿಸಲು ಹೊರಡುವವರು ಯಾವ ಇಂಜಿನ್ (ಆಟ ಕಟ್ಟಲು ಬಳಸುವ ಸಿದ್ಧ ತಂತ್ರಾಂಶ) ಒಳ್ಳೆಯದು ಎಂಬ ಪ್ರಶ್ನೆಯಿಂದಲೇ ಶುರುಮಾಡುತ್ತಾರೆ. ಗುಳಿಗಳಲ್ಲಿ ಬೀಜ ಹಂಚಿ ಆಡುವ ಅಳಗುಳಿಮಣೆಯನ್ನು ಪೂರ್ತಿ ಕನ್ನಡದಲ್ಲಿ ಆಡಬಹುದಾದ ಆಟವಾಗಿ ಮಾಡಬೇಕೆಂದು ಕುಳಿತಾಗ ನಾನು ಆ ಪ್ರಶ್ನೆಯನ್ನು ಬದಿಗಿಟ್ಟು, ಕೈಗೆ ಸಿಕ್ಕ ಪ್ರತಿ ಇಂಜಿನ್‌ನಲ್ಲಿಯೂ ಒಂದೇ ಪರೀಕ್ಷೆ ಮಾಡಿದೆ. ಖಾಲಿ ಪರದೆಯ ಮೇಲೆ ‘ರಾಷ್ಟ್ರ’, ‘ಸೂರ್ಯ’, ‘ಗೆದ್ದಿದ್ದೀರಿ’ ಎಂಬ ಮೂರು ಪದಗಳನ್ನು ಬರೆದು, ಅವು ಸರಿಯಾಗಿ ಮೂಡುತ್ತವೆಯೇ ಎಂದು ನೋಡಿದೆ.

ಈ ಪರೀಕ್ಷೆಗೆ ಕಾರಣವಿದೆ. ‘ಷ್ಟ್ರ’ ಎಂಬ ಅಕ್ಷರ ಕಡತದಲ್ಲಿ ಷ, ಹಲಂತ, ಟ, ಹಲಂತ, ರ ಎಂಬ ಐದು ಸಂಕೇತಗಳ ಸಾಲಾಗಿ ಕುಳಿತಿರುತ್ತದೆ. ಅವನ್ನು ಒಟ್ಟುಗೂಡಿಸಿ, ಟ ಮತ್ತು ರಗಳನ್ನು ಷಕಾರಕ್ಕೆ ಒತ್ತಾಗಿ ಹೊಂದಿಸಿ ಚಿತ್ರಿಸಬೇಕಾದುದು ಪಠ್ಯವನ್ನು ರೂಪಿಸುವ ತಂತ್ರಾಂಶದ ಕೆಲಸ. ‘ಸೂರ್ಯ’ದಲ್ಲಿ ಇನ್ನೊಂದು ತೊಡಕು: ಸಂಕೇತಗಳಲ್ಲಿ ಮೊದಲು ಬರುವ ರಕಾರ, ಅರ್ಕಾವತ್ತಾಗಿ ಯಕಾರದ ನಂತರ ಕಾಣಬೇಕು. ಇಂಗ್ಲಿಷಿಗೆ ಇದಾವುದೂ ಬೇಕಿಲ್ಲವಾದ್ದರಿಂದ ಈ ವ್ಯವಸ್ಥೆಯೇ ಇಲ್ಲದ ಆಟದ ಇಂಜಿನ್‌ಗಳು ಬಹಳ ಕಾಲ ನಡೆದುಬಂದವು. ಅಂಥವುಗಳಲ್ಲಿ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ, ಹಲಂತಗಳ ಸಮೇತ ಸಾಲಾಗಿ ನಿಲ್ಲುತ್ತವೆ. ಪದಗಳನ್ನು ಚಿತ್ರಗಳಾಗಿ ಮಾಡಿ ಅಂಟಿಸುವುದು ಒಂದು ಉಪಾಯವೇ ಆದರೂ, ಅಂಕಗಳೂ ಆಟಗಾರರ ಹೆಸರುಗಳೂ ಕ್ಷಣಕ್ಷಣಕ್ಕೆ ಬದಲಾಗುವ ಆಟದಲ್ಲಿ ಅದು ನಡೆಯುವುದಿಲ್ಲ.

ನಾನು ಗೊಡಾಟ್ ಇಂಜಿನ್‌ಗೆ ಬಂದು ನಿಂತದ್ದು ಮುಖ್ಯವಾಗಿ ಈ ಕಾರಣಕ್ಕೆ. ಅರ್ಜೆಂಟೀನಾದಲ್ಲಿ ಹುಟ್ಟಿ, 2014ರಲ್ಲಿ, ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಡುವ ಎಂಐಟಿ ಪರವಾನಗಿಯಡಿ ಮುಕ್ತವಾಗಿ ಬಿಡುಗಡೆಯಾದ ಈ ಇಂಜಿನ್‌ನ 3ನೇ ಸರಣಿಯವರೆಗೆ ಕನ್ನಡದಂಥ ಲಿಪಿಗಳಿಗೆ ಆಸರೆ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ, ಅಕ್ಷರಗಳನ್ನು ಹೀಗೆ ಹೊಂದಿಸಿ ಮೂಡಿಸುವ ಸಿದ್ಧ ಕೋಡಿನ ಸಂಗ್ರಹವನ್ನು (ಲೈಬ್ರರಿ) ಒಳಗೆ ಸೇರಿಸಲಾಯಿತು. ಆದ್ದರಿಂದ ಕನ್ನಡದಲ್ಲಿ ಆಟ ಮಾಡುವವರು ಹಳೆಯ 3ನೇ ಸರಣಿಯ ಪಾಠಗಳನ್ನು ಹಿಡಿದು ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪರವಾನಗಿಯೂ ನನಗೆ ಮುಖ್ಯವಾಗಿತ್ತು. 2023ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹೆಸರಾಂತ ಇಂಜಿನ್‌ನ ಒಡೆತನದ ಯೂನಿಟಿ ಸಂಸ್ಥೆಯು ಆಟ ಸ್ಥಾಪನೆಗೊಂಡ ಲೆಕ್ಕದ ಮೇಲೆ ಶುಲ್ಕ ವಿಧಿಸುವುದಾಗಿ ಸಾರಿ, ಒಂದು ವರ್ಷದ ಬಳಿಕ ಅದನ್ನು ಹಿಂತೆಗೆದುಕೊಂಡಿತು. ಆ ಶುಲ್ಕ ನನ್ನಂಥ ಹವ್ಯಾಸಿಯ ಮಟ್ಟಕ್ಕೆ ಇಳಿಯುವಂಥದ್ದಲ್ಲ, ನಿಜ. ಆದರೂ ವರ್ಷಗಟ್ಟಲೆ ಬಿಡುವಿನ ವೇಳೆಯನ್ನು ಸುರಿಯುವ ಕೆಲಸದ ಕೆಳಗಿನ ನೆಲ ಬೇರೆಯವರ ತೀರ್ಮಾನದಿಂದ ಕದಲುವುದು ನನಗೆ ಬೇಕಿರಲಿಲ್ಲ.

ಪ್ರೋಗ್ರಾಮಿಂಗ್ ಭಾಷೆಯ ಆಯ್ಕೆಗೆ ಹೆಚ್ಚು ಯೋಚಿಸಲಿಲ್ಲ. ಗೊಡಾಟ್‌ನಲ್ಲಿ ಸಿ ಶಾರ್ಪ್ ಬಳಸಬಹುದಾದರೂ, 4ನೇ ಸರಣಿಯಲ್ಲಿ ಅದರಿಂದ ಮಾಡಿದ ಆಟವನ್ನು ಬ್ರೌಸರ್‌ಗಾಗಿ ಹೊರತೆಗೆಯಲು ನಾನು ನೋಡಿದಾಗ ಸಾಧ್ಯವಿರಲಿಲ್ಲ. ಬಂಧುಗಳಿಗೆ ಒಂದು ಕೊಂಡಿ ಕಳಿಸಿ ಆಡಿಸುವುದು ನನ್ನ ಉದ್ದೇಶವಾಗಿದ್ದುದರಿಂದ, ಪೈಥಾನ್‌ನ ಛಾಯೆಯುಳ್ಳ, ಗೊಡಾಟ್‌ನದೇ ಭಾಷೆಯಾದ ಜಿಡಿಸ್ಕ್ರಿಪ್ಟ್ ಸಾಕಾಯಿತು.

ಅಳಗುಳಿಮಣೆಯ ಗುಣವೇ ಕೋಡನ್ನು ಸರಳಗೊಳಿಸುತ್ತದೆ. ಎರಡು ಸಾಲುಗಳಲ್ಲಿ ಏಳೇಳರಂತೆ 14 ಗುಳಿಗಳು; ಇಡೀ ಮಣೆಯೆಂದರೆ ಒಂದೊಂದು ಗುಳಿಯಲ್ಲಿ ಎಷ್ಟು ಬೀಜಗಳಿವೆ ಎಂದು ಹೇಳುವ 14 ಸಂಖ್ಯೆಗಳ ಒಂದು ಪಟ್ಟಿ. ಗುಳಿಗಳಿಗೆ 0ಯಿಂದ 13ರವರೆಗೆ ಕ್ರಮಾಂಕ ಕೊಟ್ಟರೆ, ಈಗಿನ ಗುಳಿಗೆ ಒಂದು ಕೂಡಿಸಿ 14ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮುಂದಿನ ಗುಳಿ. 13ರ ನಂತರ ತಾನಾಗಿ 0 ಬರುತ್ತದೆ. ನಮ್ಮ ಮನೆಯಲ್ಲಿ ಆಡುವ ಕ್ರಮದಲ್ಲಿ, ಒಂದು ಗುಳಿಯ ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಿ, ಕೈಯಲ್ಲಿನ ಕೊನೆಯ ಬೀಜ ಬಿದ್ದಾಗ ಅದರ ಮುಂದಿನ ಗುಳಿಯಲ್ಲಿರುವುದನ್ನು ಎತ್ತಿಕೊಂಡು ಆಟ ಮುಂದುವರಿಯುತ್ತದೆ. ಆ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಬೀಜಗಳು ಆಡಿದವರ ಪಾಲು. ಊರಿಂದೂರಿಗೆ ಈ ನಿಯಮ ಬದಲಾಗುವುದರಿಂದ, ನಿಯಮಗಳನ್ನೆಲ್ಲ ಪರದೆಯ ಗೊಡವೆಯೇ ಇಲ್ಲದ ಒಂದು ಪ್ರತ್ಯೇಕ ಸ್ಕ್ರಿಪ್ಟ್‌ನಲ್ಲಿ ಇಟ್ಟೆ. ಅದು ಪಟ್ಟಿಯನ್ನು ಪಡೆದು, ಯಾವ ಬೀಜ ಎಲ್ಲಿ ಬಿತ್ತು ಎಂಬ ನಡೆಗಳ ಸಾಲನ್ನು ಹಿಂತಿರುಗಿಸುತ್ತದೆ. ಪರದೆಯ ಭಾಗವು ಆ ಸಾಲನ್ನು ಓದಿ, ಗೊಡಾಟ್‌ನ ಟ್ವೀನ್ ಎಂಬ, ವಸ್ತುವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹಂತಹಂತವಾಗಿ ಸಾಗಿಸುವ ಸೌಲಭ್ಯದಿಂದ ಬೀಜಗಳನ್ನು ಒಂದೊಂದಾಗಿ ಚಲಿಸುವಂತೆ ಮಾಡುತ್ತದೆ. ಬೀಜ ಹಂಚುವ ಕೈಯ ಲಯ ಈ ಆಟದ ಅರ್ಧ ಸೊಗಸು ಎಂದು ನಂಬಿರುವ ನಾನು, ಎರಡು ಬೀಜಗಳ ನಡುವಿನ ಅಂತರವನ್ನು ಸರಿಹೊಂದಿಸಲು ಉಳಿದೆಲ್ಲ ಕೋಡಿಗಿಂತ ಹೆಚ್ಚು ವೇಳೆ ಕೊಟ್ಟಿದ್ದೇನೆ.

ಚಿತ್ರಗಳ ವಿಷಯದಲ್ಲಿಯೂ ತೀರ್ಪು ಕೊಟ್ಟದ್ದು ಲಿಪಿಯೇ. ಹವ್ಯಾಸಿಗಳಿಗೆ ಮೊದಲು ಸಿಗುವ ಸಲಹೆ, ಎದ್ದು ಕಾಣುವ ಪುಟ್ಟ ಚೌಕಗಳಿಂದ ಚಿತ್ರ ಕಟ್ಟುವ ಪಿಕ್ಸೆಲ್ ಚಿತ್ರಕಲೆ. ಅದಕ್ಕಾಗಿ ಏಸ್‌ಪ್ರೈಟ್ ಎಂಬ ತಂತ್ರಾಂಶ ಇದೆ, ಅದರ ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದ ಲಿಬ್ರೆಸ್ಪ್ರೈಟ್ ಉಚಿತವಾಗಿಯೂ ಇದೆ. ಸಾಮಾನ್ಯವಾಗಿ 320×180 ಪಿಕ್ಸೆಲ್‌ಗಳ ಪರದೆಯನ್ನು ಆರು ಪಟ್ಟು ಹಿಗ್ಗಿಸಿ 1920×1080 ಮಾಡುತ್ತಾರೆ. ಎಂಟು ಪಿಕ್ಸೆಲ್ ಎತ್ತರದಲ್ಲಿ ಇಂಗ್ಲಿಷ್ ಅಕ್ಷರ ಚೆನ್ನಾಗಿಯೇ ಕಾಣುತ್ತದೆ; ಮೇಲೆ ಗುಣಿತ, ಕೆಳಗೆ ಒತ್ತು ಇರುವ ‘ದ್ದೀ’ ಅಷ್ಟರಲ್ಲಿ ಹಿಡಿಯುವುದಿಲ್ಲ. ಪಿಕ್ಸೆಲ್ ಚಿತ್ರವನ್ನೇ ಬಯಸುವವರು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಹಿಗ್ಗಿಸುವ ವಿಧಾನವನ್ನು ‘ವ್ಯೂಪೋರ್ಟ್’ ಬದಲು ‘ಕ್ಯಾನ್ವಾಸ್ ಐಟಮ್ಸ್’ ಎಂದು ಇಟ್ಟರೆ, ಪಠ್ಯ ಪರದೆಯ ಪೂರ್ಣ ಸೂಕ್ಷ್ಮತೆಯಲ್ಲಿ ಮೂಡುತ್ತದೆ. ಆದರೆ ಒರಟು ಚೌಕಗಳ ಚಿತ್ರದ ಮೇಲೆ ನುಣುಪಾದ ಅಕ್ಷರಗಳು ನನ್ನ ಕಣ್ಣಿಗೆ ಒಗ್ಗಲಿಲ್ಲ.

ಆದ್ದರಿಂದ ಮಣೆಯನ್ನು ಇಂಕ್‌ಸ್ಕೇಪ್‌ನಲ್ಲಿ ರೇಖಾಚಿತ್ರವಾಗಿಯೂ, ಮರದ ಎಳೆಗಳನ್ನೂ ಹುಣಸೆ ಬೀಜಗಳನ್ನೂ ಕೃತಾದಲ್ಲಿ ಕುಂಚದಿಂದಲೂ ಬರೆದೆ. ಎರಡೂ ಮುಕ್ತ ತಂತ್ರಾಂಶಗಳು. ಹುಣಸೆ ಬೀಜ ನುಣುಪಾದ ಕಡುಗಂದು. ಅಂಚು ಸರಿಯಾದ ದುಂಡಲ್ಲ, ಒಂದು ಮಗ್ಗುಲು ಚಪ್ಪಟೆ. ಬೇರೆ ಬೇರೆ ಆಕಾರದ ಕೆಲವೇ ಬೀಜಗಳನ್ನು ಬರೆದು, ಆಟದೊಳಗೆ ಪ್ರತಿಯೊಂದನ್ನೂ ಮನಬಂದ ಕೋನಕ್ಕೆ ತಿರುಗಿಸಿದರೆ ಗುಳಿಯಲ್ಲಿ ರಾಶಿಬಿದ್ದ ಬೀಜಗಳು ಸಹಜವಾಗಿ ಕಾಣುತ್ತವೆ. ಇಂಕ್‌ಸ್ಕೇಪ್‌ನ ಎಸ್‌ವಿಜಿ ಕಡತವನ್ನು (ಹಿಗ್ಗಿಸಿದರೂ ಮಸುಕಾಗದ ರೇಖಾಚಿತ್ರದ ರೂಪ) ಗೊಡಾಟ್ ಒಳಗೆ ತರುವಾಗಲೇ ಪಿಕ್ಸೆಲ್‌ಗಳ ಬಿಂದುಚಿತ್ರವಾಗಿ ಮಾಡಿಕೊಳ್ಳುವುದರಿಂದ, ಬೇಕಾದ ಅಳತೆಯನ್ನು ಇಂಪೋರ್ಟ್ ಪಟ್ಟಿಯಲ್ಲಿ ಮೊದಲೇ ಹೇಳಬೇಕು. ಚಿತ್ರದೊಳಗೆ ಬರಹವಿದ್ದರೆ ಅದನ್ನು ಪಾತ್ ಆಗಿ, ಅಂದರೆ ಬರಿಯ ರೇಖೆಗಳಾಗಿ, ಪರಿವರ್ತಿಸಿರಬೇಕು.

ಫಾಂಟ್‌ಗಳಾಗಿ ಶೀರ್ಷಿಕೆಗೆ ‘ಬಲೂ ತಮ್ಮ’ವನ್ನೂ ಉಳಿದ ಬರಹಕ್ಕೆ ನೋಟೋ ಸಾನ್ಸ್ ಕನ್ನಡವನ್ನೂ ಬಳಸಿದೆ. ಎರಡೂ ಮುಕ್ತ ಫಾಂಟ್ ಪರವಾನಗಿಯಲ್ಲಿರುವುದರಿಂದ ಆಟದ ಜೊತೆ ಹಂಚಲು ಅಡ್ಡಿಯಿಲ್ಲ. ಪರವಾನಗಿಯ ಪಠ್ಯವನ್ನು ಜೊತೆಗಿರಿಸಬೇಕು. ಆಟದಲ್ಲಿ ಬರುವ ವಾಕ್ಯಗಳನ್ನೆಲ್ಲ ಯುನಿಕೋಡ್‌ನಲ್ಲಿ ಟೈಪಿಸಿ, ಯುಟಿಎಫ್-8 ರೂಪದ ಒಂದೇ ಸಿಎಸ್‌ವಿ ಕಡತದಲ್ಲಿ (ಅಲ್ಪವಿರಾಮಗಳಿಂದ ಕಂಬಸಾಲುಗಳನ್ನು ಬೇರ್ಪಡಿಸಿದ ಸರಳ ಪಟ್ಟಿ) ಇಟ್ಟಿದ್ದೇನೆ. ‘ನುಡಿ’ ಅಥವಾ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ, ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದ ಪಠ್ಯ ಕೈಯಲ್ಲಿದ್ದರೆ ಅದನ್ನು ಮೊದಲು ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಗೊಡಾಟ್ ಆ ಸಿಎಸ್‌ವಿಯನ್ನು ಅನುವಾದ ಕಡತವಾಗಿ ಓದುವುದರಿಂದ, ಚನ್ನೆಮಣೆ ಎಂಬ ಹೆಸರಿನಿಂದ ಈ ಆಟವನ್ನು ಬಲ್ಲ ಕರಾವಳಿಯವರಿಗಾಗಿ ತುಳುವಿನ ಇನ್ನೊಂದು ಕಂಬಸಾಲು ಸೇರಿಸುವ ಕೆಲಸ ಈಗ ನಡೆದಿದೆ.