ಸಸ್ಯ ಪತ್ರಿಕೆಯ ಸಂಪಾದಕ ಮಂಡಳಿ: ಯಾವ ಗಿಡ ಯಾರ ಪಾಲಿಗೆ?

ಸಸ್ಯಶಾಸ್ತ್ರದ ಯಾವುದೇ ಸಂಶೋಧನಾ ಪತ್ರಿಕೆ ತೆರೆಯಿರಿ, ಒಳಪುಟದಲ್ಲಿ ಹೆಸರುಗಳ ಉದ್ದ ಪಟ್ಟಿ ಇರುತ್ತದೆ. ಪ್ರಧಾನ ಸಂಪಾದಕರು, ವಿಷಯ ಸಂಪಾದಕರು, ಸಲಹಾ ಮಂಡಳಿ. ಇವರೆಲ್ಲ ಸೇರಿ ಕೂತು ಪೇಪರ್, ಅಂದರೆ ಅಚ್ಚಿಗೆಂದು ಬಂದ ಸಂಶೋಧನಾ ಲೇಖನ, ಓದುತ್ತಾರೆ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಹಾಗೇನಿಲ್ಲ. ಬಂದ ಪೇಪರನ್ನು ನಿಜವಾಗಿ ಹಿಡಿದು ಕೂರುವುದು ವಿಷಯ ಸಂಪಾದಕ ಒಬ್ಬರೇ. ಸಲಹಾ ಮಂಡಳಿಯ ಹಿರಿಯರ ನೆನಪಾಗುವುದು ಜಗಳ ಬಂದಾಗ.

ನಾನು ಮಲೆನಾಡಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಸಸ್ಯ ವರ್ಗೀಕರಣದ ಪತ್ರಿಕೆಯೊಂದಕ್ಕೆ ಕೆಲವು ವರ್ಷಗಳಿಂದ ವಿಷಯ ಸಂಪಾದಕಿ. ಸಂಬಳ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲಸದ ಹಂಚಿಕೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. 1887ರಲ್ಲಿ ಶುರುವಾದ ಆನಲ್ಸ್ ಆಫ್ ಬಾಟನಿಯಂಥ ಪತ್ರಿಕೆಗೆ ಬೇರು, ಹೂವು, ವಿಕಾಸ, ಪರಿಸರ ಎಲ್ಲದರ ಬಗ್ಗೆಯೂ ಪೇಪರ್ ಬರುತ್ತವೆ. ಅಲ್ಲಿ ಸಂಪಾದಕರನ್ನು ಆರಿಸುವಾಗ ಅವರ ಸಂಶೋಧನೆಯ ಕ್ಷೇತ್ರ ಮುಖ್ಯ. ವರ್ಗೀಕರಣದ ಪತ್ರಿಕೆಯಲ್ಲಿ ಗಿಡದ ಕುಟುಂಬವೇ ಮುಖ್ಯ. 2009ರಲ್ಲಿ ಶುರುವಾದ ಫೈಟೋಟ್ಯಾಕ್ಸಾದಲ್ಲಿ ಶಿಲೀಂಧ್ರಕ್ಕೆ, ಹಾವಸೆಗೆ, ಜರಿಗಿಡಕ್ಕೆ ಬೇರೆ ಬೇರೆ ಸಂಪಾದಕರು. ಹೂ ಬಿಡುವ ಗಿಡಗಳಲ್ಲೂ ಕುಟುಂಬ ನೋಡಿ ಹಂಚುತ್ತಾರೆ. ಆರ್ಕಿಡ್‌ನಲ್ಲಿ ಪಳಗಿದವರಿಗೆ ಹುಲ್ಲು ಕೊಟ್ಟರೆ ಏನೂ ತಿಳಿಯುವುದಿಲ್ಲ, ಅದಕ್ಕೇ ಹೀಗೆ.

ನನ್ನ ಪಾಲಿಗೆ ಬಂದದ್ದು ಇಂಪೇಷಿಯನ್ಸ್, ಅಂದರೆ ನಮ್ಮ ಕರ್ಣಕುಂಡಲದ ಬಳಗ. ಪಶ್ಚಿಮ ಘಟ್ಟದಲ್ಲೇ ನೂರಕ್ಕೂ ಜಾಸ್ತಿ ಪ್ರಭೇದಗಳಿವೆ, ಹೊಸವು ಇನ್ನೂ ಸಿಗುತ್ತಲೇ ಇವೆ. ಇದರ ಹೂವನ್ನು ಒತ್ತಿ ಒಣಗಿಸಿದರೆ ಆಕಾರವೇ ಉಳಿಯುವುದಿಲ್ಲ, ತೆಳ್ಳಗೆ ಹಾಳೆಗೆ ಅಂಟಿಕೊಂಡುಬಿಡುತ್ತದೆ. 1911ರಲ್ಲಿ ತೀರಿಕೊಂಡ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಕೊನೆಯ ವರ್ಷಗಳನ್ನೆಲ್ಲ ಇದೇ ಗಿಡಗಳ ಜೊತೆ ಒದ್ದಾಡುತ್ತಾ ಕಳೆದರು. ಹಾಗಾಗಿ ಸ್ಪಿರಿಟ್‌ನಲ್ಲಿಟ್ಟ ಹೂವು ಇದೆಯಾ, ಬಿಡಿಸಿದ ಭಾಗಗಳ ಚಿತ್ರ ಇದೆಯಾ ಅಂತ ಮೊದಲು ನೋಡುತ್ತೇನೆ. ಎರಡೂ ಇಲ್ಲದಿದ್ದರೆ ಪೇಪರ್ ವಾಪಸ್ಸು. ಬೇರೆ ಯಾರೂ ಒಪ್ಪದ ಕಾರಣ ಎರಿಯೋಕಾಲಾನ್, ಅಂದರೆ ಜೌಗು ನೆಲದಲ್ಲಿ ಗುಂಡಿಯಂಥ ಹೂಗೊಂಚಲು ಬಿಡುವ ಪುಟ್ಟ ಗಿಡಗಳ ಬಳಗ, ಕೂಡ ನನಗೇ ಬಿತ್ತು. ಅದರ ಬೀಜ ಒಂದು ಮಿಲಿಮೀಟರ್‌ಗಿಂತ ಚಿಕ್ಕದು. ಬೀಜದ ಮೇಲಿನ ಗೆರೆ-ಮುಳ್ಳುಗಳ ವಿನ್ಯಾಸವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದು ಹಾಕದ ಪೇಪರನ್ನು ರಿವ್ಯೂಗೆ, ಅಂದರೆ ಅದೇ ವಿಷಯದ ಬೇರೆ ತಜ್ಞರ ಪರಿಶೀಲನೆಗೆ, ಕಳಿಸಿ ಪ್ರಯೋಜನವಿಲ್ಲ. ಸಣ್ಣ ಕಾಲೇಜುಗಳಲ್ಲಿ ಆ ಯಂತ್ರ ಎಲ್ಲಿಂದ ಬರಬೇಕು ಅನ್ನುವುದು ಬೇರೆ ಮಾತು. ಅಂಥವರಿಗೆ ಚಿತ್ರ ತೆಗೆಸಿಕೊಂಡು ಬರಲು ಹೆಚ್ಚು ಸಮಯ ಕೊಡುತ್ತೇನೆ.

ನನ್ನ ಕೈ ಸೇರುವ ಮೊದಲು ಪೇಪರ್ ಪತ್ರಿಕೆಯ ಕಚೇರಿ ಮತ್ತು ಪ್ರಧಾನ ಸಂಪಾದಕರನ್ನು ದಾಟಿ ಬಂದಿರುತ್ತದೆ. ಅಲ್ಲೇ ಎಷ್ಟೋ ಉದುರುತ್ತವೆ. ಆಮೇಲೆ ರಿವ್ಯೂವರ್ ಹುಡುಕುವುದು ನನ್ನ ಕೆಲಸ. ಅಸಲಿ ಕಷ್ಟ ಶುರುವಾಗುವುದು ಇಲ್ಲಿಂದ.

ಇಂಪೇಷಿಯನ್ಸ್ ಬಲ್ಲವರು ದೇಶದಲ್ಲಿ ಬೆರಳೆಣಿಕೆಯಷ್ಟು. ಒಬ್ಬರು ಲೇಖಕರ ಗೈಡ್ ಆಗಿರುತ್ತಾರೆ, ಇನ್ನೊಬ್ಬರು ಅವರ ಜೊತೆ ಪೇಪರ್ ಬರೆದಿರುತ್ತಾರೆ, ಮೂರನೆಯವರು ಅವರ ಜೊತೆ ಮಾತು ಬಿಟ್ಟಿರುತ್ತಾರೆ. ಸಾಲದ್ದಕ್ಕೆ, ಅದೇ ಗಿಡವನ್ನು ಅವರಲ್ಲೊಬ್ಬರು ತಾವೇ ಹೊಸದೆಂದು ಬರೆಯುತ್ತಾ ಕೂತಿರಬಹುದು. ಹೆಸರಿನ ಹಕ್ಕು ಯಾರ ಪ್ರಕಟಣೆ ಮೊದಲು ಬಂತೋ ಅವರಿಗೆ. ಗಿಡ ಮೊದಲು ನೋಡಿದವರು ಯಾರು ಅನ್ನುವುದಕ್ಕೆ ಬೆಲೆಯಿಲ್ಲ. ಒಂದು ವಾರ ತಡವಾದರೂ ಎರಡನೆಯ ಹೆಸರು ಬರೀ ಪರ್ಯಾಯ ಹೆಸರಾಗಿ ಮೂಲೆ ಸೇರುತ್ತದೆ. ಹಾಗಾಗಿ ರಿವ್ಯೂಗೆ ಕೇಳುವಾಗ ಸಾರಾಂಶದಲ್ಲಿ ಸ್ಥಳ, ಗುರುತು ಜಾಸ್ತಿ ಇದ್ದರೆ ಅದನ್ನು ತೆಗೆದು ಗಿಡದ ಕುಲದ ಹೆಸರಷ್ಟೇ, ಇಂಪೇಷಿಯನ್ಸ್ ಅಂತ, ಹೇಳುತ್ತೇನೆ. "ಇದೇ ಗುಂಪಿನ ಮೇಲೆ ನಿಮ್ಮದೂ ಏನಾದರೂ ನಡೀತಿದೆಯಾ?" ಎಂದು ನೇರವಾಗಿ ಕೇಳುತ್ತೇನೆ. ಹೌದು ಅಂದರೆ ಅಲ್ಲಿಗೇ ಬಿಡುತ್ತೇನೆ. ನಾನು ಆರಿಸುವ ಇಬ್ಬರು ರಿವ್ಯೂವರ್‌ಗಳಲ್ಲಿ ಒಬ್ಬರು ಘಟ್ಟದ ಗಿಡ ಕಂಡವರು, ಇನ್ನೊಬ್ಬರು ಶ್ರೀಲಂಕಾ ಅಥವಾ ಆಗ್ನೇಯ ಏಷ್ಯಾದ ಇಂಪೇಷಿಯನ್ಸ್ ನೋಡುವವರು. ಹೊರಗಿನವರಿಗೆ ಇಲ್ಲಿನ ಹಳೇ ಸಿಟ್ಟು ಗೊತ್ತಿರುವುದಿಲ್ಲ, ಅದೇ ಅನುಕೂಲ.

ಲೇಖಕರ ಹೆಸರು ಮುಚ್ಚಿಟ್ಟು ರಿವ್ಯೂ ಮಾಡಿಸಬಹುದಲ್ವಾ ಎಂದು ಕೇಳುತ್ತಾರೆ. ನಮ್ಮಲ್ಲಿ ಅದು ನಡೆಯುವ ಮಾತಲ್ಲ. ಹರ್ಬೇರಿಯಂ (ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಸಂಗ್ರಹ) ಶೀಟಿನ ಫೋಟೋದಲ್ಲೇ ಸಂಗ್ರಹಿಸಿದವರ ಹೆಸರು, ನಂಬರು, ಊರು ಎಲ್ಲ ಇರುತ್ತದೆ.

ರಿವ್ಯೂ ಮುಗಿದ ಪೇಪರ್ ನಾಮಕರಣ ಸಂಪಾದಕರ ಬಳಿ ಹೋಗುತ್ತದೆ, ಗಿಡದ ಹೆಸರು ನಿಯಮಕ್ಕೆ ಸರಿಯಾಗಿದೆಯಾ ಎಂದು ನೋಡುವವರು ಇವರು. ನನ್ನ ಕೇಳಿದರೆ ಇಡೀ ಮಂಡಳಿಯಲ್ಲಿ ಇವರ ಕುರ್ಚಿಯೇ ದೊಡ್ಡದು. ಮೊದಲೆಲ್ಲ ಲ್ಯಾಟಿನ್ ಬಲ್ಲವರು ಬೇಕಿತ್ತು. 2011ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದ ನಂತರ, 2012ರ ಜನವರಿ 1ರಿಂದ, ಹೊಸ ಗಿಡದ ವಿವರಣೆ ಇಂಗ್ಲಿಷಿನಲ್ಲಿದ್ದರೂ ಸಾಕು. ಐಎಸ್‌ಎಸ್‌ಎನ್ (ಪತ್ರಿಕೆಗಳ ಗುರುತಿನ ಸಂಖ್ಯೆ) ಇರುವ ಪತ್ರಿಕೆಯ ಪಿಡಿಎಫ್ ಕೂಡ ಪ್ರಕಟಣೆಯೇ. ಲ್ಯಾಟಿನ್ ಹೋಯಿತು ಅಂತ ನಿಯಮವೇನೂ ಸಡಿಲವಾಗಲಿಲ್ಲ. ಒಮ್ಮೆ ಮುರಕಲ್ಲು ಬಯಲಿನ ಒಂದು ಪುಟ್ಟ ಗಿಡದ ಪೇಪರ್ ಬಂತು. ಚಿತ್ರ ಚೆಂದ, ಅಳತೆ ಸರಿ, ರಿವ್ಯೂವರ್ ಇಬ್ಬರೂ ಒಪ್ಪಿದ್ದರು. ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾದ ಒಂದೇ ಮೂಲ ಮಾದರಿ, ಎಲ್ಲಿದೆ ಎಂಬ ಜಾಗದಲ್ಲಿ ಮಾತ್ರ ಎರಡು ಹರ್ಬೇರಿಯಂಗಳ ಸಂಕೇತ ಇತ್ತು. ಹೌರಾದ್ದು ಒಂದು, ಬೆಂಗಳೂರಿನದು ಇನ್ನೊಂದು. 1990ರಿಂದ ಈಚೆಗೆ ಒಂದೇ ಒಂದು ಹರ್ಬೇರಿಯಂ ಹೇಳಲೇಬೇಕು, ಇಲ್ಲದಿದ್ದರೆ ಹೆಸರು ಊರ್ಜಿತವಲ್ಲ. ನಾಮಕರಣ ಸಂಪಾದಕರು ಆ ಸಾಲಿಗೆ ಕೆಂಪು ಗುರುತು ಹಾಕಿ ಕಳಿಸಿದರು. ಲೇಖಕರು ನನಗೆ ಫೋನ್ ಮಾಡಿದರು: "ಮೇಡಂ, ಇಷ್ಟಕ್ಕೆ ಯಾಕೆ ತಡೆ ಹಿಡಿದಿರಿ? ಅಚ್ಚಿನಲ್ಲಿ ತಿದ್ದಿದರೆ ಆಗಲ್ವಾ?" ಆಗಲ್ಲ. ಶೀಟು ನಿಜವಾಗಿ ಎಲ್ಲಿ ಸೇರಿದೆ, ಅಲ್ಲಿನ ನಂಬರೇನು ಎಂದು ಅವರೇ ಖಚಿತಪಡಿಸಬೇಕು. ಇನ್ನೊಂದು ಶೀಟು ಐಸೋಟೈಪ್, ಅಂದರೆ ಮೂಲ ಮಾದರಿಯ ಜೋಡಿ ಪ್ರತಿ, ಆಯಿತು. ಹಾಗೆಯೇ ಅಚ್ಚಾಗಿದ್ದರೆ ಗಿಡಕ್ಕೆ ಹೆಸರಿದ್ದೂ ಇಲ್ಲದಂತಾಗುತ್ತಿತ್ತು.

ಮಂಡಳಿಯವರದೇ ಪೇಪರ್ ಬಂದರೆ? ಬರುತ್ತವೆ, ಬರಲೂ ಬೇಕು. ನಮ್ಮಲ್ಲಿ ಪ್ರಧಾನ ಸಂಪಾದಕರ ಪೇಪರನ್ನು ಇನ್ನೊಬ್ಬ ಸಂಪಾದಕರು ಪೂರ್ತಿ ನೋಡಿಕೊಳ್ಳುತ್ತಾರೆ. ರಿವ್ಯೂವರ್ ಯಾರೆಂದು ಕಂಪ್ಯೂಟರಿನಲ್ಲೂ ಅವರಿಗೆ ಕಾಣಿಸುವುದಿಲ್ಲ. ನನ್ನ ಹಳೇ ವಿದ್ಯಾರ್ಥಿಗಳ ಪೇಪರನ್ನು ನಾನು ಮುಟ್ಟುವುದಿಲ್ಲ, ಎಷ್ಟು ವರ್ಷವಾಗಿದ್ದರೂ ಅಷ್ಟೇ. ಇದಕ್ಕೆ ಬೇಜಾರು ಮಾಡಿಕೊಂಡವರೂ ಇದ್ದಾರೆ. ಮಾಡಿಕೊಳ್ಳಲಿ.

ಈಗ ಪಿಎಚ್‌ಡಿ ಮುಗಿಸಿದ ಇಬ್ಬರು ಹುಡುಗರನ್ನು ಸಹಾಯಕ ಸಂಪಾದಕರಾಗಿ ಸೇರಿಸಿಕೊಳ್ಳಿ ಎಂದು ಪ್ರಧಾನ ಸಂಪಾದಕರಿಗೆ ಬರೆದಿದ್ದೇನೆ. ಒಬ್ಬ ಹುಲ್ಲು ನೋಡುತ್ತಾನೆ, ಇನ್ನೊಬ್ಬ ಎರಿಯೋಕಾಲಾನ್. ಒಪ್ಪಿಗೆ ಬಂದರೆ ಬೀಜದ ಫೋಟೋಗಳೆಲ್ಲ ಅವನ ಪಾಲಿಗೆ, ಕರ್ಣಕುಂಡಲ ನನ್ನ ಹತ್ತಿರವೇ ಇರಲಿ.