ಎರಡು ಸೆಲ್ಫ್ ಹೋದ ಮೇಲೆ

ನನ್ನ 1998ರ ಮಾರುತಿ 800 ಹದಿನಾಲ್ಕು ತಿಂಗಳಲ್ಲಿ ಎರಡು ಸೆಲ್ಫ್ ಮೋಟಾರ್ (ಕೀ ತಿರುಗಿಸಿದಾಗ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್) ತಿಂದು ಮೂರನೆಯದಕ್ಕೆ ಬಾಯಿ ಹಾಕಿತ್ತು. ಮೊದಲನೆಯದು ಕೈಕೊಟ್ಟದ್ದು ಬದಿಯಡ್ಕ ಪೇಟೆಯಲ್ಲಿ, ಜಡಿಮಳೆಗೆ, ನಾಲ್ಕು ಜನ ದೂಡಿ ಸ್ಟಾರ್ಟ್ ಮಾಡಿಕೊಟ್ಟರು. ಎರಡನೆಯದಕ್ಕೆ ಕಾರ್ಬನ್ ಬ್ರಷ್, ಬುಷ್ ಎಲ್ಲ ಹೊಸತು ಹಾಕಿಸಿದ್ದೆ. ಮೂರನೆಯದು ಕುಂಬಳೆಯಿಂದ ತಂದ ರೀಕಂಡೀಷನ್ ಮಾಲು. ಗ್ಯಾರೇಜಿನಲ್ಲಿ ಪ್ರತಿ ಸಲ ಒಂದೇ ಮಾತು, "ಸೆಲ್ಫ್ ಪೋಯಿ." ಹೋಯ್ತು ಅಂತ ನನಗೂ ಗೊತ್ತು ಮಾರಾಯ್ರೇ, ಯಾಕೆ ಹೋಯ್ತು?

ಮೂರನೆಯದೂ ಕಟಕಟ ಅನ್ನಲು ಶುರು ಮಾಡಿದಾಗ ಶೆಡ್ಡಿನಲ್ಲಿ ಬಿದ್ದಿದ್ದ ಎರಡನೆಯದರ ಸೊಲೆನಾಯ್ಡ್, ಅಂದರೆ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್, ಬಿಚ್ಚಿದೆ. ಒಳಗಿನ ತಾಮ್ರದ ಬಿಲ್ಲೆ ಕಪ್ಪಾಗಿ, ಹುಳ ತಿಂದ ಅಡಿಕೆಯ ಹಾಗೆ ಗುಳಿ ಬಿದ್ದಿತ್ತು. ವೋಲ್ಟೇಜ್ ಸಾಲದಿದ್ದರೆ ಸೊಲೆನಾಯ್ಡ್ ಹಿಡಿದು ನಿಲ್ಲುವುದಿಲ್ಲ, ಬಡಿದುಕೊಳ್ಳುತ್ತದೆ, ಬಡಿದಾಗಲೆಲ್ಲ ಕಿಡಿ. ಅದರ ಮೇಲೆ ನಾನು ಒಂದು ಸೆಕೆಂಡಿನ ಕೆಲಸಕ್ಕೆ ಹತ್ತು ಸೆಕೆಂಡ್ ಕೀ ತಿರುಗಿಸಿ ಹಿಡಿಯುತ್ತಿದ್ದೆ. ಮೋಟಾರ್ ಬೇಯದೆ ಇನ್ನೇನು?

ಬ್ಯಾಟರಿ ಹೊಸತು. ಹಾಗಾದರೆ ವೋಲ್ಟೇಜ್ ಎಲ್ಲಿ ಸೋರುತ್ತಿದೆ? ಸುಳಿವು ಸಿಕ್ಕಿದ್ದು ಕ್ಲಚ್ಚಿನಲ್ಲಿ. ಕೆಲವು ವಾರದಿಂದ ಪೆಡಲ್ ಬಿಗಿಯಾಗಿತ್ತು. ಸೆಲ್ಫ್ ಹೊಡೆದ ಕೂಡಲೇ ಕ್ಲಚ್ ಕೇಬಲ್ ಮುಟ್ಟಿ ನೋಡಿದರೆ ಬಿಸಿ! ಎರಡಕ್ಕೂ ಏನು ಸಂಬಂಧ ಅಲ್ವಾ? ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಸೆಲ್ಫಿಗೆ ಹೋದ ಕರೆಂಟ್ ಬ್ಯಾಟರಿಗೆ ವಾಪಸ್ ಬರಲೇಬೇಕು, ವಾಪಸ್ ತರುವ ಅರ್ಥ್ ವಯರ್ ಸರಿ ಇಲ್ಲದಿದ್ದರೆ ಎಂಜಿನ್ನಿಗೂ ಬಾಡಿಗೂ ತಾಗಿರುವ ಯಾವ ಕಬ್ಬಿಣ ಸಿಕ್ಕಿದರೂ ಅದರಲ್ಲೇ ನುಗ್ಗುತ್ತದೆ, ನನ್ನ ಕಾರಿನಲ್ಲಿ ಅದು ಬಡಪಾಯಿ ಕ್ಲಚ್ ಕೇಬಲ್.

ಮಲ್ಟಿಮೀಟರ್ ತಂದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಹತ್ತದ ಹಾಗೆ ಕಾಯಿಲ್ ವಯರ್ ತೆಗೆದು ಬ್ಲಾಕಿಗೆ ತಾಗಿಸಿಟ್ಟೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೇ (ಕ್ಲ್ಯಾಂಪಿಗಲ್ಲ), ಇನ್ನೊಂದು ಎಂಜಿನ್ ಬ್ಲಾಕಿಗೆ. ಮಗ ಕೀ ತಿರುಗಿಸಿದ. 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬೇಕು. ತೋರಿಸಿದ್ದು 1.8. ಪ್ಲಸ್ ಕಡೆಯೂ ಹೀಗೇ ನೋಡಿದೆ, ಅಲ್ಲಿ ತೊಂದರೆ ಇರಲಿಲ್ಲ. ಖಾತ್ರಿಗೆ ಜಂಪರ್ ಕೇಬಲ್ ಒಂದನ್ನು ಮೈನಸ್‌ನಿಂದ ಸೀದಾ ಬ್ಲಾಕಿಗೆ ಕಚ್ಚಿಸಿದಾಗ ಅದೇ "ಹೋದ" ಸೆಲ್ಫ್ ಗಿರ್ರನೆ ತಿರುಗಿತು. ಮೀಟರ್ ಇಲ್ಲದವರು ಸುಮ್ನೆ ಇದೊಂದನ್ನೇ ಮಾಡಿದರೂ ಸಾಕು.

ಅರ್ಥ್ ವಯರನ್ನು ಗೇರ್‌ಬಾಕ್ಸಿಗೆ ಹಿಡಿದಿಟ್ಟ ಬೋಲ್ಟ್ ಬಿಚ್ಚಿದರೆ ಲಗ್ಗಿನಡಿ (ವಯರಿನ ತುದಿಯ ಲೋಹದ ಬಳೆ) ಎಣ್ಣೆ ಹಿಡಿದ ಮಣ್ಣು. ಹಿಂದೆ ಕ್ಲಚ್ ಪ್ಲೇಟ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿದವರು ಒರೆಸದೆ ಹಾಗೇ ಕೂರಿಸಿದ್ದಿರಬೇಕು. ವಯರಿನ ಸಿಪ್ಪೆ ಸೀಳಿದರೆ ತಾಮ್ರವೆಲ್ಲ ಹಸಿರು ಪುಡಿ, ನಮ್ಮ ಮಳೆ ಬಿಡುತ್ತದಾ? ದಪ್ಪ ವಯರ್ ಹೊಸತು ಹಾಕಿ, ಬೋಲ್ಟ್ ಕೂರುವ ಜಾಗ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಹಚ್ಚಿದೆ. ಮತ್ತೆ ಅಳೆದರೆ 0.1.

ಆಮೇಲೆ ಎರಡು ಮಳೆಗಾಲ ಕಳೆಯಿತು. ಆ ಮೂರನೇ ಸೆಲ್ಫೇ ಈಗಲೂ ಇದೆ. ಕ್ಲಚ್ ಕೇಬಲ್ ಮಾತ್ರ ಬದಲಿಸಬೇಕಾಯಿತು, ಅದು ಒಳಗೇ ಬೆಂದಿತ್ತು.